ಆಡದೆ ಬರೆದ ಆರು ಆಟ

ಆ ಮನೆಯ ಊಟದ ಮೇಜಿನ ಮೇಲೆ ನಾಲ್ಕು ವರ್ಷದಿಂದ ಯಾರೂ ಊಟ ಮಾಡಿರಲಿಲ್ಲ. ತಟ್ಟೆ ತೊಡೆಯ ಮೇಲೆ, ಲೋಟ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಉಣ್ಣುವುದು ಎಲ್ಲರಿಗೂ ರೂಢಿಯಾಗಿತ್ತು. ಮೇಜಿನ ಮೇಲೆ ಒಂದು ನದಿ ಇತ್ತು, ದಪ್ಪ ರಟ್ಟಿಗೆ ನೀಲಿ ಬಳಿದ ನದಿ. ಅದಕ್ಕೆ ಅಡ್ಡಲಾಗಿ ಅರ್ಧ ಕಟ್ಟಿದ ಸೇತುವೆ, ಕಿರುಬೆರಳಿನುದ್ದದ ಮರದ ಹಲಗೆಗಳು, ನಾಲ್ಕು ಬಣ್ಣದ ನಾಲ್ಕು ಗಾಡಿ, ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು.

ಇದನ್ನೆಲ್ಲ ಮಾಡಿದವಳು ಆ ಮನೆಯ ಸೊಸೆ. ಮೇಜಿನ ಮೇಲೆ ಕೂತು ಆಡುವ ಆಟಗಳನ್ನು ಕಟ್ಟುವುದು ಅವಳ ಕಸುಬು. ಬೀದಿಯವರು ಆಟದವಳು ಎನ್ನುತ್ತಿದ್ದರು. ಅಂದವರ ದನಿಯಲ್ಲಿ ಬೇಕರಿಯವಳು, ಬಟ್ಟೆಯಂಗಡಿಯವಳು ಎನ್ನುವಾಗಿನ ಗೌರವ ಇರುತ್ತಿರಲಿಲ್ಲ. ನಲವತ್ತೆರಡು ವರ್ಷದ ಹೆಂಗಸು ಹಗಲೆಲ್ಲ ದಾಳ ಉರುಳಿಸುತ್ತಾಳೆ ಎಂದರೆ ಜನಕ್ಕೆ ನಗು. ಅವಳು ಕಟ್ಟಿದ ಮೂರು ಸಣ್ಣ ಆಟಗಳು ಅಂಗಡಿಯಲ್ಲಿ ಮಾರಾಟಕ್ಕಿವೆ ಎಂಬುದು ನಗುವವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರೂ ನಗುತ್ತಿದ್ದರು.

ಬೆಳಗ್ಗೆ ಗಂಡ ನೀರು ಸರಬರಾಜು ಕಚೇರಿಗೆ, ಹದಿನೈದರ ಮಗಳು ಶಾಲೆಗೆ ಹೊರಟ ಮೇಲೆ ಪಾತ್ರೆ ತೊಳೆದು, ನೆಲ ಒರೆಸಿ, ಹತ್ತಕ್ಕೆ ಅವಳು ಮೇಜಿಗೆ ಕೂರುತ್ತಿದ್ದಳು. ಒಂದು ಕಾರ್ಡಿನ ಮೇಲಿನ ಮೂರನ್ನು ಎರಡು ಮಾಡಿದರೆ ಇಡೀ ಆಟವನ್ನು ಮೊದಲಿನಿಂದ ಆಡಿ ನೋಡಬೇಕು. ಆಡಲು ನಾಲ್ಕು ಜನ ಬೇಕು. ಇರುವವಳು ಒಬ್ಬಳೇ. ಆದ್ದರಿಂದ ಒಂದು ಕುರ್ಚಿಯಲ್ಲಿ ಕೂತು ಒಂದು ಹಲಗೆ ಹಾಕಿ, ಎದ್ದು ಪಕ್ಕದ ಕುರ್ಚಿಗೆ ಹೋಗಿ ತನಗೆ ತಾನೇ ವೈರಿಯಾಗಿ ಯೋಚಿಸಿ, ಮತ್ತೆ ಎದ್ದು ಮೂರನೆಯದಕ್ಕೆ. ಹೀಗೆ ಗಂಟೆಗಟ್ಟಲೆ. ನಡುವೆ ನೋಟ್‌ಬುಕ್ಕಿನಲ್ಲಿ ಬರೆಯುವುದು. ಹೊಸ ಕಾರ್ಡು ಕತ್ತರಿಸಿ, ಉಗುರು ಕತ್ತರಿಯಲ್ಲಿ ಅದರ ಮೂಲೆ ದುಂಡಗೆ ಮಾಡುವುದು. ಸಂಜೆಯ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು.

"ಆಟ ಆಡಿ ಯಾರಿಗಾದ್ರೂ ಸೊಂಟ ನೋಯುತ್ತಾ?" ಎಂದು ಗಂಡ ನಗುತ್ತಿದ್ದ.

ಮಾವ, ಅಂದರೆ ಗಂಡನ ಅಪ್ಪ, ನಿವೃತ್ತ ದರ್ಜಿ. ಹಗಲು ಮನೆಯಲ್ಲೇ ಇರುತ್ತಿದ್ದರು. ಅವಳು ನಾಲ್ಕನೇ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುತ್ತಿರುವಾಗಲೇ ಅಡುಗೆಮನೆಯಿಂದ ಅವರ ದನಿ ಬರುತ್ತಿತ್ತು.

"ಏನಮ್ಮಾ, ಹೇಗೂ ಸುಮ್ನೆ ಕೂತಿದೀಯಲ್ಲ, ಒಂದಿಷ್ಟು ಆಲೂಗಡ್ಡೆ ಸುಲಿದುಬಿಡು."

"ಕೆಲಸದಲ್ಲಿದೀನಿ ಮಾವ."

"ಅದೇ, ಆಟದ ಕೆಲಸ. ಆಮೇಲೆ ಮಾಡಿದ್ರೂ ಆಗುತ್ತೆ. ಹೊಟ್ಟೆ ಕಾಯಲ್ಲ."

ಅವಳು ಎದ್ದು ಸುಲಿಯುತ್ತಿದ್ದಳು. ಬಂದು ಕೂತಾಗ ಯಾವ ಕುರ್ಚಿಯ ಸರದಿ ಎಂಬುದು ಮರೆತಿರುತ್ತಿತ್ತು. ಮೊದಲಿನಿಂದ ಶುರು. ಮನೆಯ ಬಾಗಿಲು ತಟ್ಟಿದವರಿಗೆಲ್ಲ ಬಾಗಿಲು ತೆಗೆಯುವವಳು ಅವಳೇ. ಎದುರುಮನೆಯ ಹಲ್ಲಿನ ಡಾಕ್ಟರ್ ಬೀಗದ ಕೈ ಕೊಟ್ಟು ಹೋಗುವುದು ಅವಳಿಗೇ. ಮಗಳ ಶಾಲೆಯಿಂದ ಫೋನು ಬಂದರೆ ಓಡುವವಳೂ ಅವಳೇ, ಯಾಕೆಂದರೆ ಉಳಿದವರು ಕೆಲಸದಲ್ಲಿರುತ್ತಾರೆ.

ಭಾನುವಾರ ಮಾತ್ರ ನಾಲ್ಕು ಕುರ್ಚಿಗೂ ನಿಜವಾದ ಜನ. ಸೇತುವೆ ಆಟದ ಕಟ್ಟಳೆ ಸರಳ. ಎಲ್ಲರೂ ಸೇರಿ ಒಂದೇ ಸೇತುವೆ ಕಟ್ಟಬೇಕು, ಆದರೆ ಮೊದಲು ದಾಟಿದ ಗಾಡಿಗೆ ಗೆಲುವು. ಒಂದು ಆಟದಲ್ಲಿ ಒಬ್ಬೊಬ್ಬರಿಗೂ ಒಂದೇ ಒಂದು ಸಲ, ಹಾಕಿರುವ ಹಲಗೆಯೊಂದನ್ನು ಕೀಳುವ ಹಕ್ಕು ಇತ್ತು. ಯಾವಾಗ ಕೀಳುತ್ತಾರೆ ಎಂಬ ಭಯದಲ್ಲೇ ಎಲ್ಲರೂ ಆಡಬೇಕು. ಮಾವ ಇದರಲ್ಲಿ ಪಳಗಿದ ಕೈ. ಮಗನ ಗಾಡಿ ಸೇತುವೆಯ ಕೊನೆಗೆ ಬರುವವರೆಗೂ ಹಲ್ಲಿಲ್ಲದವರ ಹಾಗೆ ಕೂತಿದ್ದು, ಕೊನೆಯ ಹಲಗೆಯನ್ನು ಎರಡು ಬೆರಳಲ್ಲಿ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಅಪ್ಪ, ಇದು ಅನ್ಯಾಯ."

"ಕಟ್ಟಳೇಲಿದೆ ಮಗನೇ. ನಿನ್ನ ಹೆಂಡತಿಯೇ ಬರೆದಿದಾಳೆ. ಅವಳನ್ನೇ ಕೇಳು."

"ಈ ಕೀಳೋದು ತೆಗೆದುಹಾಕೇ. ಇದರಿಂದಾನೇ ಆಟ ಕೆಡೋದು."

"ನೀವು ಸೋಲೋದು ಅದರಿಂದ. ಆಟ ಕೆಡಲ್ಲ," ಎನ್ನುತ್ತಿದ್ದಳು ಅವಳು.

ಆ ವರ್ಷ ಆಟದ ಕಂಪನಿಯೊಂದು ಸೇತುವೆ ಆಟವನ್ನು ಮೆಚ್ಚಿ ಕಾಗದ ಬರೆಯಿತು. ವರ್ಷಕ್ಕೆ ಒಂದೇ ದೊಡ್ಡ ಆಟವನ್ನು ಅವರು ಅಚ್ಚು ಹಾಕಿಸುವುದು. ಇದು ಅದಾಗಬಹುದು. ಆದರೆ ಮೊದಲು ಮನೆಯವರಲ್ಲದ ಜನರ ಕೈಯಲ್ಲಿ ಆರು ಸಲ ಆಡಿಸಬೇಕು, ಪ್ರತಿ ಆಟಕ್ಕೂ ಒಂದು ಹಾಳೆ ಬರೆದು ತರಬೇಕು, ನಾಲ್ಕು ವಾರದ ನಂತರ ಕಂಪನಿಯಲ್ಲಿ ಅವರ ಜನರ ಮುಂದೆ ಆಡಿಸಬೇಕು.

ಹಾಳೆ ಬರೆಯುವುದು ಅವಳ ಕಸುಬಿನ ಬೆನ್ನೆಲುಬು. ಆಡುವವರಿಗೆ ಕಟ್ಟಳೆಯ ಪುಸ್ತಕ ಕೊಟ್ಟು, ಬಾಯಿ ಹೊಲಿದುಕೊಂಡು ಪಕ್ಕದಲ್ಲಿ ಕೂರಬೇಕು. ತಪ್ಪು ಆಡಿದರೂ ತಿದ್ದುವ ಹಾಗಿಲ್ಲ. ಪೆಟ್ಟಿಗೆ ಕೊಂಡವರ ಮನೆಗೆಲ್ಲ ಇವಳು ಹೋಗಿ ವಿವರಿಸುವುದಿಲ್ಲವಲ್ಲ. ಎಷ್ಟು ಹೊತ್ತಾಯಿತು, ಎಲ್ಲಿ ತಡವರಿಸಿದರು, ಏನು ಕೇಳಿದರು, ಯಾವಾಗ ಆಕಳಿಸಿದರು, ಮತ್ತೆ ಆಡುತ್ತೀರಾ ಎಂದರೆ ಏನಂದರು, ಅಷ್ಟನ್ನೂ ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಎರಡನೇ ವಾರ ಅವಳ ಅಮ್ಮ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಎಂಟು ದಿನ ಹೋಗಲೇಬೇಕು.

"ಆರು ಆಟ ನೀವು ಆಡಿಸ್ತೀರಾ?" ಎಂದು ಗಂಡನನ್ನು ಕೇಳಿದಳು. "ನಿಮ್ಮ ಕಚೇರೀಲಿ ಮಧ್ಯಾಹ್ನದ ಹೊತ್ತು ಎಷ್ಟು ಜನ ಸುಮ್ನೆ ಕೂತಿರ್ತಾರೆ. ಎದುರುಮನೇಲಿ ಒಂದು ಆಡಿಸಿ."

"ಅದೇನ್ ಮಹಾ. ದಿನಾ ನೂರು ಹಾಳೆ ಬರೀತೀನಿ ನಾನು. ನಿನ್ನ ಆರು ಬರೆಯೋಕಾಗಲ್ವಾ?"

"ಬಾಯಿ ಬಿಡಬಾರದು."

"ನಿನ್ನ ಮುಂದೆ ಹದಿನೆಂಟು ವರ್ಷದಿಂದ ಬಿಟ್ಟಿಲ್ಲ. ಅವರ ಮುಂದೆ ಬಿಡ್ತೀನಾ? ಹೋಗಿ ಬಾ."

ಎಂಟು ದಿನವೂ ಸಂಜೆ ಫೋನು ಮಾಡಿದಳು. "ಎಷ್ಟಾಯ್ತು ರೀ?" "ಎರಡಾಯ್ತು." ಮತ್ತೊಂದು ಸಂಜೆ, "ನಾಲ್ಕು." ಕೊನೆಗೆ, "ಆರೂ ಮುಗೀತು ಮಾರಾಯ್ತಿ, ನೆಮ್ಮದಿಯಾಗಿ ಮಲಗು."

ಅವಳು ಬಂದ ದಿನ ಆರು ಹಾಳೆಗಳೂ ಮೇಜಿನ ಮೇಲೆ ಅಂಚಿಗೆ ಅಂಚು ಹೊಂದಿಸಿ ಇಟ್ಟಿದ್ದವು. ಗಂಡನಿಗೆ ಅವನಿಗಿಷ್ಟವಾದ ಹುರಿದ ಮೀನು ಮಾಡಿ ಬಡಿಸಿದಳು. ಹಾಳೆಗಳನ್ನು ಓದುತ್ತಾ ಅವಳ ಮುಖ ಅರಳಿತು. ಏನು ಪ್ರಶ್ನೆ ಕೇಳಿದರು ಎಂಬಲ್ಲಿ ಆರಕ್ಕೆ ಆರರಲ್ಲೂ 'ಏನೂ ಇಲ್ಲ' ಎಂದಿತ್ತು. ಅಷ್ಟು ಸಲ ತಿದ್ದಿದ ಕಟ್ಟಳೆ ಪುಸ್ತಕ ಕೊನೆಗೂ ಸ್ಪಷ್ಟವಾಯಿತಲ್ಲ ಎಂದು ಹಿಗ್ಗಿದಳು. ಆದರೆ ಐದು ಹಾಳೆಯಲ್ಲಿ ಒಂದೇ ದೂರು. ಹಲಗೆ ಕೀಳುವುದು ಯಾರಿಗೂ ಇಷ್ಟವಾಗಲಿಲ್ಲ, ಅದಿಲ್ಲದಿದ್ದರೆ ಖಂಡಿತ ಮತ್ತೆ ಆಡುತ್ತೇವೆ.

ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮನೆಯವರ ಮಾತಾಗಿದ್ದರೆ ತಳ್ಳಿಹಾಕುತ್ತಿದ್ದಳು. ಇದು ಇಪ್ಪತ್ತು ಮಂದಿ ಹೊರಗಿನವರ ಮಾತು. ಮೂರನೇ ದಿನ ಕೀಳುವ ಹಕ್ಕನ್ನು ಕಿತ್ತುಹಾಕಿದಳು. ಪುಸ್ತಕ ಹೊಸದಾಗಿ ಬರೆದು, ಹದಿನೆಂಟು ಕಾರ್ಡು ಹೊಸದಾಗಿ ಮಾಡಿದಳು.

"ಹಾವಿನ ಹಲ್ಲು ಕಿತ್ತೆ," ಎಂದರು ಮಾವ. "ಇನ್ನು ಹಗ್ಗ ಅಷ್ಟೇ ಅದು. ನಾನು ಆಡಲ್ಲ."

"ಆಡಿದ ಜನ ಹೇಳ್ತಿದಾರೆ ಮಾವ. ಹಾಳೇಲಿದೆ."

"ಎಂಥ ಜನನೋ. ಕಿತ್ತಾಗ ಬೈಕೊಳ್ತಾರೆ, ಬಿಡು. ಆದ್ರೆ ಬೈಕೊಂಡೇ ಇನ್ನೊಂದು ಆಟ ಹಾಕು ಅಂತಾರೆ. ನಿನ್ನ ಗಂಡನನ್ನೇ ನೋಡು."

ಅವಳು ಕೇಳಲಿಲ್ಲ. ಒಮ್ಮೆ ತಾನೇ ನಾಲ್ಕು ಕುರ್ಚಿ ಸುತ್ತಿ ಆಡಿದಳು. ಮೊದಲ ಕುರ್ಚಿ ಗೆದ್ದಿತು. ಒಂದು ಸಲ ಗೆದ್ದದ್ದಕ್ಕೆ ಏನು ಅರ್ಥ ಎಂದುಕೊಂಡಳು. ಇನ್ನೊಂದು ಸಲ ಆಡಲು ಹೊತ್ತಿರಲಿಲ್ಲ. ಕಾರ್ಡುಗಳ ಮೂಲೆ ದುಂಡಗಾಗಬೇಕಿತ್ತು, ಮಗಳ ಸಮವಸ್ತ್ರ ಇಸ್ತ್ರಿಯಾಗಬೇಕಿತ್ತು, ಮನೆಗೆ ತರಕಾರಿ ಬರಬೇಕಿತ್ತು.

ಕಂಪನಿಯ ಕೋಣೆಯಲ್ಲಿ ಬಿಳಿ ಮೇಜು, ನಾಲ್ವರು ಅಪರಿಚಿತರು. ಆಟ ಆರಿಸುವ ಹೆಂಗಸು ಕನ್ನಡಕವನ್ನು ತಲೆಗೇರಿಸಿಕೊಂಡು ಗೋಡೆಗೆ ಒರಗಿ ನಿಂತಳು. ಆಟದವಳು ಮೂಲೆಯ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತಳು.

ಐದು ನಿಮಿಷವಾಗಿರಲಿಲ್ಲ, ಒಬ್ಬ ಕೇಳಿದ: "ಗಾಡಿ ಹಿಂದಕ್ಕೆ ಬರಬಹುದಾ?"

ಪುಸ್ತಕದ ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಇನ್ನೊಬ್ಬಳು ಹುಡುಕಿ ಓದಿದಳು. ಆಮೇಲೆ ನಾಲ್ವರೂ ಶಾಂತವಾಗಿ ಹಲಗೆ ಹಾಕುತ್ತಾ ಹೋದರು. ಮುಂದೆ ಹೋದವನನ್ನು ತಡೆಯಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ಮೊದಲು ಶುರುಮಾಡಿದವನು ಮೊದಲು ದಾಟಿದ. ಎರಡನೇ ಆಟದಲ್ಲೂ ಹಾಗೇ. ಮೂರನೆಯದರಲ್ಲಿ ಒಬ್ಬ ಫೋನು ತೆಗೆದು ನೋಡತೊಡಗಿದ, ಇನ್ನೊಬ್ಬ ಹೇಳಿದ: "ಯಾರು ಶುರು ಮಾಡ್ತಾರೆ ಅಂತ ದಾಳ ಹಾಕಿದ್ರೆ ಸಾಕು, ಗೆಲ್ಲೋರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಯಾಕೆ?"

ಅವರೆಲ್ಲ ಹೋದ ಮೇಲೆ ಆರಿಸುವ ಹೆಂಗಸು ಆರು ಹಾಳೆಗಳನ್ನು ಬಿಳಿ ಮೇಜಿನ ಮೇಲೆ ಹರಡಿದಳು.

"ನೀವು ಮೊದಲು ಕಳಿಸಿದ ಆಟಕ್ಕೆ ನಾನು ಮನಸೋತಿದ್ದೆ. ಹಲಗೆ ಕೀಳೋದು ಎಲ್ಲಿ ಹೋಯ್ತು?"

"ಆಡಿದವರಿಗೆ ಇಷ್ಟ ಆಗಲಿಲ್ಲ. ಹಾಳೇಲಿದೆ."

"ಹೌದು, ಇದೆ. ಈ ಹಾಳೇಲಿರೋ ಜನ ಒಬ್ಬರೂ ಏನೂ ಕೇಳಲ್ಲ, ಎಲ್ಲೂ ತಪ್ಪಲ್ಲ, ಕರೆಕ್ಟಾಗಿ ನಲವತ್ತು, ನಲವತ್ತೈದು, ಐವತ್ತು ನಿಮಿಷಕ್ಕೆ ಮುಗಿಸ್ತಾರೆ. ಇಂಥ ಜನ ನನಗೆ ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ಸಿಕ್ಕಿಲ್ಲ. ಯಾರು ಬರೆದದ್ದು?"

"ನನ್ನ ಗಂಡ. ನೀರು ಪರೀಕ್ಷೆ ಮಾಡೋರು. ಅಳತೆಯಲ್ಲಿ ತಪ್ಪೋ ಮನುಷ್ಯ ಅಲ್ಲ." ಅವಳ ಕಿವಿ ಬಿಸಿಯಾಗಿತ್ತು.

"ನಾನು ಯಾರನ್ನೂ ಕಳ್ಳರು ಅಂತಿಲ್ಲ," ಎಂದಳು ಆ ಹೆಂಗಸು. "ಆದ್ರೆ ಒಂದೋ ನಿಮ್ಮ ಹಾಳೆ ಸುಳ್ಳು, ಇಲ್ಲ ನಿಮಗೆ ಹಾಳೆ ಓದೋಕೆ ಬರಲ್ಲ. ಎರಡರಲ್ಲಿ ಯಾವುದಾದ್ರೂ ಈ ವರ್ಷ ನಮಗೆ ಆಗಲ್ಲ."

ಬಸ್ಸಿನಲ್ಲಿ ಅವಳು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗಾಡಿ ಹಿಂದಕ್ಕೆ ಬರಬಹುದಾ. ಆಡಿದವರೆಲ್ಲ, ಅವಳ ಅಮ್ಮನಿಂದ ಹಿಡಿದು ಗ್ರಂಥಾಲಯದ ಕಾವಲುಗಾರನವರೆಗೆ, ಅದನ್ನು ಕೇಳಿಯೇ ಕೇಳಿದ್ದರು. ಕೇಳದೆ ಬಿಟ್ಟವರು ಈ ಆರು ಹಾಳೆಯ ಇಪ್ಪತ್ನಾಲ್ಕು ಜನ ಮಾತ್ರ. ಅದನ್ನು ನೋಡಿ ತಾನು ಹಿಗ್ಗಿದ್ದು ನೆನಪಾಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಮೂರನೇ ಹಾಳೆಯಲ್ಲಿ 'ಎದುರುಮನೆ ಹಲ್ಲಿನ ಡಾಕ್ಟರ್ ಮತ್ತು ಮನೆಯವರು' ಎಂದಿತ್ತು. ಬಸ್ಸಿಳಿದವಳು ತನ್ನ ಮನೆಗೆ ಹೋಗದೆ ಎದುರುಮನೆಯ ಬಾಗಿಲು ತಟ್ಟಿದಳು.

"ಆಟವಾ?" ಡಾಕ್ಟರ್ ಕೈ ಒರೆಸಿಕೊಳ್ಳುತ್ತಾ ಬಂದರು. "ಇಲ್ಲವಲ್ಲ. ಆ ವಾರ ನಾವು ಮನೇಲೇ ಇರಲಿಲ್ಲ. ಬೀಗದ ಕೈ ನಿಮ್ಮ ಮಾವನ ಹತ್ರ ಕೊಟ್ಟು ಹೋಗಿದ್ವಿ."

ಸಂಜೆ ಎಲ್ಲರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಹುರುಳಿಕಾಯಿ. ಅವಳು ತಟ್ಟೆ ಮುಟ್ಟದೆ ಹಾಳೆಗಳನ್ನು ಗಂಡನ ಮುಂದೆ ಹಿಡಿದಳು.

"ಇದರಲ್ಲಿ ಎಷ್ಟು ಆಟ ಆಡಿಸಿದ್ರಿ?"

"ಏನಾಯ್ತು? ಆರಿಸಿದ್ರಾ?"

"ಎಷ್ಟು ಆಡಿಸಿದ್ರಿ ಅಂದೆ."

"ಆರು. ಅಲ್ಲಿ ಬರೆದಿಲ್ವಾ?"

"ಡಾಕ್ಟರ್ ಮನೇಲಿ ಯಾರ ಜೊತೆ ಆಡಿದ್ರಿ? ಬೀಗದ ಜೊತೆನಾ?"

ಮಗಳು ತಲೆ ತಗ್ಗಿಸಿದಳು. ಗಂಡ ಮೊಟ್ಟೆಯನ್ನು ಚಮಚೆಯಲ್ಲಿ ಎರಡು ಮಾಡಿದ, ನಾಲ್ಕು ಮಾಡಿದ.

"ನೋಡು, ಕೆಲಸ ಜಾಸ್ತಿ ಇತ್ತು. ನಿನಗೆ ಬೇಕಾದ್ದು ಹಾಳೆ ತಾನೇ? ನಾನು ಈ ಆಟ ನೂರು ಸಲ ಆಡಿದೀನಿ, ಜನ ಏನಂತಾರೆ ಅಂತ ನನಗೆ ಗೊತ್ತಿಲ್ವಾ? ಅಂದಾಜಲ್ಲಿ ಬರೆದೆ. ಆಟ ತಾನೇ."

"ಒಂದೂ ಆಡಿಸಲಿಲ್ಲ."

"ಇಲ್ಲ."

"ಹಲಗೆ ಕೀಳೋದು ಬೇಡ ಅಂದದ್ದು ಯಾರು?"

"ಎಲ್ಲಾ ಚೆನ್ನಾಗಿದೆ ಅಂತ ಬರೆದ್ರೆ ನಂಬಲ್ಲ ಅಂತ ಒಂದು ದೂರು ಹಾಕಿದೆ. ಅದೊಂದು ನನಗೂ ಇಷ್ಟ ಇರಲಿಲ್ಲ."

"ಅಪ್ಪನ ಕೈಲಿ ಸೋತ ಸಿಟ್ಟನ್ನ ನನ್ನ ಆಟದ ಮೇಲೆ ತೀರಿಸ್ಕೊಂಡ್ರಿ."

"ಇಷ್ಟು ದೊಡ್ಡದು ಮಾಡಬೇಡ್ವೇ."

"ಹೋದ ವರ್ಷ ನಿಮ್ಮ ಕಚೇರೀಲಿ ಒಬ್ಬ, ಇಪ್ಪತ್ತು ವರ್ಷ ಸರ್ವೀಸಾದವನು, ಟೀ ಅಂಗಡೀಲಿ ಕೂತು ನಲ್ಲಿಗಳ ಹಾಳೆ ತುಂಬಿಸಿದ ಅಂತ ಅವನನ್ನ ಕೆಲಸದಿಂದ ತೆಗೆಸಿದ್ರಿ. ಮನೆಗೆ ಬಂದು ಊಟ ಮಾಡಲಿಲ್ಲ ನೀವು ಅವತ್ತು. ತಟ್ಟೆ ದೂಡಿದ್ರಿ. ಮುಟ್ಟದ ನಲ್ಲಿಗೆ ಹೇಗೆ ಬರೀತಾನೆ ಅಂತ ಕೂಗಾಡಿದ್ರಿ."

"ಅದು ನೀರು. ಊರೆಲ್ಲ ಕುಡಿಯುತ್ತೆ."

"ಹೌದು. ಅಲ್ಲಿ ಸುಳ್ಳು ಬರೆದ್ರೆ ಊರಿಗೆ ಭೇದಿ. ಇಲ್ಲಿ ಬರೆದ್ರೆ ನನಗೊಬ್ಬಳಿಗೆ. ಅದಕ್ಕೇ ಪರವಾಗಿಲ್ಲ."

"ಊರಿಗೆಲ್ಲ ಶಕುನ ಹೇಳೋ ಹಲ್ಲಿ," ಎಂದು ಮಾವ ಗೋಡೆಯ ಕಡೆ ನೋಡುತ್ತಾ ಶುರುಮಾಡಿದರು. "ಅಳತೆ ತಗೊಳ್ಳದೆ ಅಳತೆ ಬರೆದುಕೊಟ್ಟಿದಾನೆ. ಅವಳು ನಂಬಿ ಬಟ್ಟೆ ಕತ್ತರಿಸಿಬಿಟ್ಟಳು. ಇನ್ನು ಹೊಲಿಯೋದೇನು..."

"ನೀವು ಸುಮ್ನಿರಿ ಮಾವ," ಎಂದಳು ಅವಳು. "ನಾಲ್ಕು ವರ್ಷದಿಂದ ಹೇಗೂ ಸುಮ್ನೆ ಕೂತಿದೀಯಲ್ಲ ಅಂತ ದಿನಾ ಅಂದೋರು ನೀವು. ಇವರು ಅದನ್ನ ಕೇಳಿ ಕಲಿತರು."

ಮಾವ ಬ್ರೆಡ್ಡನ್ನು ತಟ್ಟೆಗೆ ಇಳಿಸಿದರು. ಆ ಮನೆಯಲ್ಲಿ ಅವರಿಗೆ ಯಾರೂ ಹಾಗೆ ಅಂದಿರಲಿಲ್ಲ.

"ಅಮ್ಮ," ಎಂದಳು ಮಗಳು. "ಅದರಲ್ಲಿ ಮೂರು ನಾನು ಬರೆದದ್ದು. ಎಲ್ಲಾ ಒಂದೇ ಅಕ್ಷರ ಆದ್ರೆ ಗೊತ್ತಾಗುತ್ತೆ ಅಂತ ಅಪ್ಪ ಹೇಳಿದ್ರು. ಬೇರೆ ಪೆನ್ನು ಕೊಟ್ರು."

ಅವಳು ಮಗಳನ್ನು ನೋಡಿದಳು. ಆಮೇಲೆ ಗಂಡನನ್ನು. ಬೇರೆ ಪೆನ್ನಿನವರೆಗೆ ಯೋಚಿಸಿದ ಮನುಷ್ಯ ಹೊತ್ತಿರಲಿಲ್ಲ ಎನ್ನುತ್ತಾನೆ.

"ಹೊತ್ತಿರಲಿಲ್ಲ ಅನ್ನೋದು ಸುಳ್ಳು. ಯಾಕೆ ಆಡಿಸಲಿಲ್ಲ? ನಿಜ ಹೇಳಿ."

ಅವನು ಚಮಚೆಯನ್ನು ತಟ್ಟೆಯಲ್ಲಿಟ್ಟ. "ಮೊದಲ ದಿನ ತಗೊಂಡು ಹೋದೆ. ಪೆಟ್ಟಿಗೆ ಮೇಜಿನ ಮೇಲಿಟ್ಟೆ. ಏನ್ ಸಾರ್, ಹೆಂಡತಿ ಆಟದ ಸಾಮಾನು ಹೊತ್ಕೊಂಡು ಬಂದಿದೀರಾ ಅಂದ್ರು. ಎಲ್ಲಾ ನಕ್ರು. ಇಲ್ಲ, ಮಗಳ ಶಾಲೆದು ಅಂದೆ. ಆಮೇಲೆ ಅದನ್ನ ಚೀಲದಿಂದ ತೆಗೀಲಿಲ್ಲ."

ಅವಳು ಹಾಳೆಗಳನ್ನು ಮೇಜಿನ ಮೇಲೆ ಇಳಿಸಿದಳು.

"ನಾಚಿಕೆ ಆಯ್ತು ನಿಮಗೆ," ಎಂದಳು ಅವಳು. "ಹೇಳಿಬಿಟ್ಟಿದ್ರೆ ಆಗಿತ್ತು. ನಾಚಿಕೆ ಆಗುತ್ತೆ, ನನ್ನ ಕೈಲಾಗಲ್ಲ ಅಂತ. ನಾನು ಅಮ್ಮನ ಕೈ ಹಿಡ್ಕೊಂಡೇ ಆ ಊರಿನ ಆಸ್ಪತ್ರೇಲಿ ನಾಲ್ಕು ಜನರನ್ನ ಕೂರಿಸಿ ಆಡಿಸ್ತಿದ್ದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ದೊಣ್ಣೆ ಹಿಡಿದವನು ಹೊರಗಿನವನಾಗಿದ್ದರೆ ಬೀದಿಯಲ್ಲಿ ನಿಂತು ಬೈಯಬಹುದಿತ್ತು. ಇವನು ಮಾರನೇ ಬೆಳಗ್ಗೆ ಎದ್ದು ನನ್ನ ಕಾಲುಚೀಲ ಎಲ್ಲಿ ಎಂದು ಅವಳನ್ನೇ ಕೇಳಿದ.

"ಗೊತ್ತಿಲ್ಲ," ಎಂದಳು. "ಎಲ್ಲರೂ ಕೇಳಿಸ್ಕೊಳ್ಳಿ. ಇವತ್ತಿಂದ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಾನು ಮನೇಲಿಲ್ಲ."

"ಎಲ್ಲಿಗೆ ಹೋಗ್ತೀಯಾ?" ಎಂದರು ಮಾವ.

"ಎಲ್ಲಿಗೂ ಇಲ್ಲ. ಈ ಮೇಜಿನ ಹತ್ರಾನೇ ಇರ್ತೀನಿ. ಆದ್ರೆ ಮನೇಲಿಲ್ಲ."

ಮೊದಲ ವಾರ ಮನೆ ಕುಂಟಿತು. ಹತ್ತೂವರೆಗೆ ಕೊರಿಯರ್ ಬಾಗಿಲು ತಟ್ಟಿದ. ಅವಳು ಎರಡನೇ ಕುರ್ಚಿಯಲ್ಲಿ ಕೂತು ಕದಲಲಿಲ್ಲ. ಮೂರು ಸಲ ತಟ್ಟಿದ ಮೇಲೆ ಮಾವ ಚಪ್ಪಲಿ ಎಳೆಯುತ್ತಾ ಬಂದು ಬಾಗಿಲು ತೆಗೆದರು.

"ಸೊಸೆಯವರ ಸಹಿ ಬೇಕಿತ್ತು," ಎಂದ ಅವನು.

"ಅವಳು ಮನೇಲಿಲ್ಲ."

ಕೊರಿಯರಿನವನು ಅವರ ಹೆಗಲ ಮೇಲಿಂದ ನೋಡಿದ. ಅವಳು ಅಲ್ಲೇ, ಐದು ಹೆಜ್ಜೆ ದೂರದಲ್ಲಿ, ಕಾರ್ಡಿನ ಮೂಲೆ ಕತ್ತರಿಸುತ್ತಿದ್ದಳು.

"ಅವರೇ ಅಲ್ವಾ ಅದು?"

"ಅವಳು ಕೆಲಸಕ್ಕೆ ಹೋಗಿದಾಳಪ್ಪ. ಐದು ಗಂಟೆಗೆ ಬರ್ತಾಳೆ. ನನ್ನ ಸಹಿ ಆಗುತ್ತೆ ಕೊಡು," ಎಂದು ಮಾವ ಪೆನ್ನು ಕಿತ್ತುಕೊಂಡರು.

ಆಲೂಗಡ್ಡೆ ಅವರೇ ಸುಲಿದರು. ದರ್ಜಿಯ ಕೈ, ಸಿಪ್ಪೆ ಕಾಗದದಷ್ಟು ತೆಳ್ಳಗೆ ಬರುತ್ತಿತ್ತು. ಮಗಳು ತನ್ನ ಬಟ್ಟೆ ತಾನೇ ಇಸ್ತ್ರಿ ಮಾಡಿ ಒಂದು ಕಾಲರ್ ಸುಟ್ಟಳು. ಬುಧವಾರ ಗಂಡ ಕಚೇರಿಯಿಂದ ಬಂದಾಗ ಮನೆಯಲ್ಲಿ ಬ್ರೆಡ್ಡಿರಲಿಲ್ಲ.

"ಯಾರೂ ತಂದಿಲ್ವಾ?"

"ನೀನು ದಾರೀಲಿ ಬೇಕರಿ ದಾಟ್ಕೊಂಡೇ ಬಂದೆ," ಎಂದರು ಮಾವ. "ನಿನಗೆ ಬುದ್ಧಿ ಬರಲಿ ಅಂತ ನಾನೂ ತರಲಿಲ್ಲ. ಉಪವಾಸ ಬೀಳೋಣ."

ಅವನು ಹೆಂಡತಿಯ ಹತ್ತಿರ ಎರಡು ಸಲ ರಾಜಿಗೆ ಬಂದ. ಆರಿಸುವ ಹೆಂಗಸಿಗೆ ಕಾಗದ ಬರೆ, ಹಾಳೆಗಳು ಅದಲುಬದಲಾದವು ಅಂತ ಹೇಳು ಎಂದ. "ಇನ್ನೊಂದು ಸುಳ್ಳಾ?" ಎಂದಳು. "ಸರಿ, ನಿಜಾನೇ ಬರೆ. ನನ್ನ ವಿಷಯ ಯಾಕೆ ಬರೀಬೇಕು?" ಎಂದ.

"ಈಗ ಅವಳ ಲೆಕ್ಕದಲ್ಲಿ ಸುಳ್ಳು ಹೇಳಿದವಳು ನಾನು. ಹಾಳೆ ಓದೋಕೆ ಬರದವಳೂ ನಾನೇ. ನಾಳೆ ಬೇರೆ ಕಂಪನಿಗೆ ಹೋದ್ರೂ ಅವರವರು ಮಾತಾಡ್ಕೊಳ್ತಾರೆ. ಈ ಕಸುಬಲ್ಲಿ ಹಾಳೆ ಕೆಟ್ಟವಳ ಆಟ ಯಾರೂ ಮುಟ್ಟಲ್ಲ. ನಾನು ಬರೆಯಲ್ಲ. ನೀವು ಬಂದು ಬಾಯಲ್ಲಿ ಹೇಳಿ."

"ನನ್ನನ್ನ ಅಷ್ಟು ಜನರ ಮುಂದೆ ನಿಲ್ಲಿಸ್ತೀಯಾ?"

"ಒಬ್ಬಳ ಮುಂದೆ. ನಾನು ನಾಲ್ಕು ಜನರ ಮುಂದೆ ಕೂತಿದ್ದೆ."

ಶುಕ್ರವಾರ ಅವನು ಅರ್ಧ ದಿನ ರಜೆ ಹಾಕಿ ಬಂದ. ಕಂಪನಿಯ ಬಾಗಿಲವರೆಗೆ ಬಂದವನು ನಾನು ಇಲ್ಲೇ ರಸ್ತೇಲಿರ್ತೀನಿ ಎಂದ. ಅವಳು ಬಾಗಿಲನ್ನು ತೆರೆದು ಹಿಡಿದುಕೊಂಡು ನಿಂತಳು. ಒಳಗೆ ಹೋಗುವವರು, ಬರುವವರು ಇಬ್ಬರನ್ನೂ ಸುತ್ತಿ ಹೋಗುತ್ತಿದ್ದರು. ಕೊನೆಗೆ ಅವನು ಒಳಗೆ ನಡೆದ.

"ಆ ಹಾಳೆ ನಾನು ಕೂತು ಬರೆದದ್ದು," ಎಂದ ಆರಿಸುವ ಹೆಂಗಸಿಗೆ. "ಒಂದೂ ಆಡಿಸಿಲ್ಲ. ಇವಳಿಗೆ ಗೊತ್ತಿರಲಿಲ್ಲ."

ಆ ಹೆಂಗಸು ಕನ್ನಡಕ ಇಳಿಸಿ ಅವನನ್ನು ಚೆನ್ನಾಗಿ ನೋಡಿದಳು. "ನಿಮ್ಮ ಕೆಲಸ ಏನು?"

"ಕುಡಿಯೋ ನೀರಿನ ಪರೀಕ್ಷೆ."

"ನಾನು ಇನ್ನು ಮೇಲೆ ನೀರು ಕುದಿಸಿ ಕುಡೀಬೇಕಾಗುತ್ತೆ," ಎಂದಳು ಅವಳು, ನಗದೆ. ಆಮೇಲೆ ಆಟದವಳ ಕಡೆ ತಿರುಗಿದಳು. "ಈ ವರ್ಷದ ಜಾಗ ಹೋಯ್ತು. ಮೊನ್ನೆಯೇ ಬೇರೆ ಆಟಕ್ಕೆ ಒಪ್ಪಿಗೆ ಕೊಟ್ವಿ. ಮುಂದಿನ ಸಲದ್ದು ಆರು ತಿಂಗಳಿಗೆ ನೋಡ್ತೀವಿ. ಹಳೇ ಕಟ್ಟಳೆಯಲ್ಲೇ ತನ್ನಿ. ಆರು ಹಾಳೆ ಹೊಸದು ಬೇಕು."

"ಅದು ಇವರೇ ಆಡಿಸಿ ತರ್ತಾರೆ," ಎಂದಳು ಆಟದವಳು.

ಗಂಡ ಬೆಚ್ಚಿ ಅವಳನ್ನು ನೋಡಿದ. "ನಾನಾ? ನಿನಗೆ ನನ್ನ ಮೇಲೆ ನಂಬಿಕೆ ಇದೆಯಾ?"

"ಇಲ್ಲ. ನಿಮ್ಮ ಹಾಳೆ ಸುಳ್ಳಾದ್ರೆ ಹೇಗಿರುತ್ತೆ ಅಂತ ಈಗ ನನಗೆ ಗೊತ್ತು."

ಮುಂದಿನ ವಾರ ಅವನು ಪೆಟ್ಟಿಗೆಯನ್ನು ಚೀಲದಲ್ಲಿ ಹಾಕದೆ ಕಂಕುಳಲ್ಲಿ ಹಿಡಿದು ಕಚೇರಿಗೆ ಹೋದ. ಮೊದಲ ದಿನ ಯಾರೂ ಸಿಗಲಿಲ್ಲ ಎಂದು ಹಾಗೇ ತಂದ. ಎರಡನೇ ದಿನವೂ ತಂದ. ಮೂರನೇ ದಿನ ಸಂಜೆ ಅವನು ಅಂಗಿ ಕೂಡ ಬಿಚ್ಚದೆ ಮೇಜಿನ ಹತ್ತಿರ ಬಂದು ಒಂದು ಹಾಳೆ ಇಟ್ಟ. ಐದು ಗಂಟೆ ದಾಟಿತ್ತು, ಅವಳು ಮನೆಯಲ್ಲಿದ್ದಳು. ಮಗಳು ಪಕ್ಕದಲ್ಲಿ ಓದುತ್ತಿದ್ದಳು, ಮಾವ ಕಿಟಕಿಯ ಹತ್ತಿರ ಗುಂಡಿ ಹೊಲಿಯುತ್ತಿದ್ದರು.

ಹಾಳೆ ಕೊಳೆಯಾಗಿತ್ತು, ಒಂದು ಮೂಲೆಗೆ ಟೀ ಚೆಲ್ಲಿತ್ತು. ಹೊತ್ತು: ಇಪ್ಪತ್ತೆರಡು ನಿಮಿಷ. ಆಟ ಮುಗಿಯಿತಾ: ಇಲ್ಲ. ಮತ್ತೆ ಆಡುತ್ತೀರಾ: ನಾಲ್ಕು ಸಲ 'ಇಲ್ಲ'.

"ಇಬ್ಬರು ಮಧ್ಯದಲ್ಲೇ ಎದ್ದು ಹೋದ್ರು," ಎಂದ. "ಹಾಗೇ ಬರೆಯೋಕೆ ಕೈ ಬರಲಿಲ್ಲ. ಆದ್ರೂ ಬರೆದೆ."

"ಏನಾದ್ರೂ ಕೇಳಿದ್ರಾ?"

"ಗಾಡಿ ಹಿಂದಕ್ಕೆ ಬರಬಹುದಾ ಅಂತ. ಮೂರು ಜನ, ಮೂರು ಸಲ."

ಮಾವನ ಸೂಜಿ ನಿಂತಿತು. ಅವಳು ಹಾಳೆಯಿಂದ ತಲೆ ಎತ್ತಲಿಲ್ಲ.

"ಎಷ್ಟು ಹಲಗೆ ಹಾಕಿದ್ರು?"

"ಒಂಬತ್ತು."

"ಯಾರಾದ್ರೂ ಕಿತ್ರಾ?"

"ಒಬ್ಬ ಕಿತ್ತ. ಕೂಡಲೇ ಇನ್ನೊಬ್ಬ ಅವನಿಗೆ ಬೈದ. ಅಲ್ಲಿಗೆ ಆಟ ನಿಂತಿತು."

"ಏನಂತ ಬೈದ?"

ಅವನು ಮಗಳ ಕಡೆ ನೋಡಿದ. "ಬಿಡು. ಕೆಟ್ಟ ಮಾತು."

"ಹಾಳೇಲಿ ಬರೆದಿದೀರಾ?"

"ಅದನ್ನೂ ಬರೀಬೇಕಾ?"

"ಪುಟ್ಟಿ, ಒಳಗೆ ಹೋಗು," ಎಂದಳು ಅವಳು. ಮಗಳು ಪುಸ್ತಕ ಎತ್ತಿಕೊಂಡು ನಿಧಾನಕ್ಕೆ ಒಳಗೆ ಹೋಗಿ ಬಾಗಿಲ ಹಿಂದೆಯೇ ನಿಂತಳು.

ಅವಳು ಪೆನ್ನನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. ಅವನು ಹಲಗೆಗಳ ರಾಶಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬಗ್ಗಿ, ಆ ಮಾತನ್ನು ಅಕ್ಷರ ಬಿಡದೆ ಬರೆದ. ಬರೆದು ಮುಗಿಸಿದಾಗ ಅವನ ಕುತ್ತಿಗೆ ಕೆಂಪಾಗಿತ್ತು.

ಅವಳು ಓದಿದಳು. ಹಾಳೆಯ ತಲೆಯಲ್ಲಿ 'ಒಂದು' ಎಂದು ಬರೆದು ಇನ್ನೊಂದು ಖಾಲಿ ಹಾಳೆ ಅವನ ಕೈಗೆ ಕೊಟ್ಟಳು.

"ಯಾರ ಸರದೀಲಿ ಎದ್ದು ಹೋದ್ರು ಅಂತ ಬರೆದಿಲ್ಲ," ಎಂದಳು. "ನಾಳೆ ಅದನ್ನ ನೋಡ್ಕೊಂಡು ಬನ್ನಿ."